ದಿನಕ್ಕೆ ಮೂರು ಬಾರಿ ಬ್ಯಾಟರಿ ತಪಾಸಣೆ

ಕಾರಿನ ಬ್ಯಾಟರಿಯ ವಿಷಯದಲ್ಲಿ ನನ್ನಷ್ಟು ಮುಂಜಾಗ್ರತೆ ವಹಿಸಿದವರು ಇಡೀ ಠಾಕುರ್ಲಿಯಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ. ಆಫೀಸಿಗೆ ನನಗೆ ಲೋಕಲ್ ಟ್ರೈನೇ ಗತಿ. ಕಾರು ತಿಂಗಳಿಗೊಮ್ಮೆ ಸೊಸೈಟಿಯ ಗೇಟು ದಾಟಿದರೆ ಹೆಚ್ಚು. ಆದರೆ ಘೋಡಬಂದರ್ ರಸ್ತೆಯಲ್ಲಿರುವ ನಾದಿನಿಯ ಮಗಳ ಸೀಮಂತ ಹತ್ತಿರ ಬಂದಿತ್ತು. ಮೊದಲ ಬಳೆಯನ್ನು ಅಜ್ಜಿಯೇ ತೊಡಿಸಬೇಕೆಂಬುದು ಅವರ ಮನೆಯ ಪದ್ಧತಿ. ಆ ಅಜ್ಜಿ, ಅಂದರೆ ನನ್ನ ಅತ್ತೆ, ಇರುವುದು ನಮ್ಮಲ್ಲೇ. ಮೊಣಕಾಲು ನೋವು, ರೈಲು ಹತ್ತಲಾರರು.

“ಹನ್ನೊಂದಕ್ಕೆ ಸರಿಯಾಗಿ ಮುಟ್ಟಿಸುವ ಹೊಣೆ ನನ್ನದು!” ಎಂದು ಎಲ್ಲರೆದುರು ಘೋಷಿಸಿಬಿಟ್ಟೆ.

ಘೋಷಿಸಿದ ಕ್ಷಣದಿಂದಲೇ ಚಿಂತೆ. ಅಂದೇ ಕಾರು ಸ್ಟಾರ್ಟ್ ಆಗದಿದ್ದರೆ?

ತಕ್ಷಣ ಮಲ್ಟಿಮೀಟರ್ ತರಿಸಿದೆ. ಅದರ ಎರಡು ತಂತಿಗಳನ್ನು ಬ್ಯಾಟರಿಗೆ ಮುಟ್ಟಿಸಿದರೆ ಎಷ್ಟು ವೋಲ್ಟ್ ಇದೆಯೆಂದು ಹೇಳುತ್ತದೆ. ಮೊದಲ ದಿನ 12.6. ಉತ್ತಮ! ಎಂಜಿನ್ ಸ್ಟಾರ್ಟ್ ಮಾಡಿದಾಗ 14.2. ಅಂದರೆ ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರ್ ಸಹ ಸುಸ್ಥಿತಿಯಲ್ಲಿದೆ. ಯಾವುದೇ ಸ್ವಸ್ಥ ಮನುಷ್ಯ ಇಲ್ಲಿಗೆ ನಿಲ್ಲಿಸುತ್ತಿದ್ದ.

ನಾನು ದಿನವೂ ಪರೀಕ್ಷಿಸಿದೆ. ಹತ್ತು ನಿಮಿಷ ಹೆಡ್‌ಲೈಟ್ ಉರಿಸುವುದು, ಎಂಜಿನ್ ಸ್ಟಾರ್ಟ್ ಮಾಡಿ ಎರಡು ನಿಮಿಷ ಬಿಡುವುದು, ಆಫ್ ಮಾಡಿ ಅಳೆಯುವುದು. ನಾಲ್ಕನೆಯ ದಿನ 12.3! ಎಲ್ಲೋ ಕರೆಂಟ್ ಸೋರುತ್ತಿದೆ. ಪರಿಸ್ಥಿತಿಯ ಗಾಂಭೀರ್ಯವನ್ನು ಮನಗಂಡು ತಪಾಸಣೆಯನ್ನು ದಿನಕ್ಕೆ ಮೂರು ಬಾರಿಗೆ ಏರಿಸಲಾಯಿತು.

“ನಿಮ್ಮ ಬಿಪಿ ಇಷ್ಟು ಸಲ ನೋಡಿದ್ರೆ ಡಾಕ್ಟ್ರಿಗಾದ್ರೂ ಖುಷಿ ಆಗ್ತಿತ್ತು ಮಾರಾಯ್ರೆ,” ಎಂದಳು ಹೆಂಡತಿ ವಾರಿಜಾ.

ಸೀಮಂತದ ಬೆಳಿಗ್ಗೆ ಅತ್ತೆ ಹಸಿರು ಬಳೆಗಳ ಡಬ್ಬಿ ಹಿಡಿದು ಮುಂದಿನ ಸೀಟಿನಲ್ಲಿ ವಿರಾಜಮಾನರಾದರು. ಕೀ ತಿರುಗಿಸಿದೆ. ಕಟ್, ಕಟ್, ಕಟ್. ಅಷ್ಟೆ!

“ನೋಡು, ನಾನು ಮೊದಲೇ ಹೇಳಿರಲಿಲ್ವಾ!” ಎಂದೆ ಹಿಂದಿನ ಸೀಟಿನಲ್ಲಿದ್ದ ವಾರಿಜಾಳಿಗೆ, ವಿಜಯೋತ್ಸಾಹದಿಂದ.

“ಎಂಥ ಹೇಳಿದ್ದು? ಹೇಳಿದ್ದಕ್ಕೆ ಈಗ ಶಾಲು ಹೊದೆಸ್ಬೇಕಾ?”

ಕೆಳಗಿನ ಮನೆಯ ಪಾಟೀಲ್ ಕಾಕಾ ತಮ್ಮ ಕಾರು ಪಕ್ಕಕ್ಕೆ ತಂದು, ಕೇಬಲ್ ಜೋಡಿಸಿ, ಅವರ ಬ್ಯಾಟರಿಯಿಂದ ನಮ್ಮದನ್ನು ಎಬ್ಬಿಸಿದರು. “ಭಾವು, ಆತಾ ಗಾಡಿ ಬಂದ್ ಕರೂ ನಕಾ!” ಎಂದು ಎಚ್ಚರಿಸಿದರು. ಪ್ರಾಣ ಹೋದರೂ ಬಂದ್ ಮಾಡುವುದಿಲ್ಲವೆಂದು ಮಾತು ಕೊಟ್ಟೆ.

ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಪೆಟ್ರೋಲಿನ ದೀಪ ಹತ್ತಿಕೊಂಡಿತು. ನಿಂತಲ್ಲೇ ನಡೆದ ತಪಾಸಣೆಗಳಲ್ಲಿ ಕಾರು ಅದನ್ನೂ ಕುಡಿದು ಮುಗಿಸಿತ್ತು! ಪಂಪಿಗೆ ಹೋದೆ.

“ಸಾಬ್, ಇಂಜಿನ್ ಬಂದ್ ಕರೋ.”

“ಭಯ್ಯಾ, ಇವತ್ತೊಂದು ದಿನ...”

“ಬಂದ್ ಕರೋ!”

ಬಂದ್ ಮಾಡಿದೆ. ಟ್ಯಾಂಕ್ ತುಂಬಿತು. ಕಟ್, ಕಟ್, ಕಟ್. ಹಿಂದೆ ಏಳು ವಾಹನಗಳ ಹಾರ್ನ್. ನಾನೂ ಇಬ್ಬರು ರಿಕ್ಷಾದವರೂ ಸೇರಿ ಕಾರನ್ನು ಬದಿಗೆ ತಳ್ಳಿದೆವು. ಅತ್ತೆ ಒಳಗೇ ಕುಳಿತಿದ್ದರು. ಇಳಿಯಿರಿ ಎನ್ನುವ ಧೈರ್ಯ ಯಾರಿಗಿತ್ತು?

ಬದಿಗೆ ಬಂದ ಮೇಲೆ ಅವರೇ ಇಳಿದರು. “ವಾರಿಜಾ, ಈ ರಿಕ್ಷಾದಲ್ಲೇ ಹೋಗುವ. ಮಗು ಹುಟ್ಟುವ ಮೊದ್ಲಾದ್ರೂ ಮುಟ್ಬೇಕಲ್ಲ.”

ರಿಕ್ಷಾ ಅವರಿಬ್ಬರನ್ನು ಕರೆದುಕೊಂಡು ಹೊರಟೇಹೋಯಿತು. ಪಂಪಿನ ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್ ಬಂದು ನನ್ನ ತಪಾಸಣೆಯ ಪೂರ್ತಿ ವಿವರ ಕೇಳಿಸಿಕೊಂಡ. ಕೊನೆಗೆ ಕರುಣೆಯಿಂದ ನುಡಿದ: “ಅಂಕಲ್, ಬ್ಯಾಟರಿ ಅಚ್ಛೀ ಹೈ. ಆಲ್ಟರ್ನೇಟರ್ ಭೀ ಅಚ್ಛಾ ಹೈ. ಆಪ್ ಚೆಕ್ ಕರ್ನಾ ಛೋಡ್ ದೋ.”

ನಾನು ಚೆಕ್ ಮಾಡುವುದನ್ನು ಬಿಟ್ಟರೆ ಸಾಕಂತೆ. ಒಂದು ಸಲ ಸ್ಟಾರ್ಟ್ ಮಾಡಲು ಖರ್ಚಾಗುವ ಚಾರ್ಜ್ ಎರಡು ನಿಮಿಷದಲ್ಲಿ ಮರಳಿ ತುಂಬುವುದಿಲ್ಲವಂತೆ. ಹೆಡ್‌ಲೈಟಿನ ಲೆಕ್ಕ ಬೇರೆ. ಸೋರಿಕೆ ನಾನೇ! ಅವನೂ ಕೇಬಲ್ ಹಾಕಿ ಸ್ಟಾರ್ಟ್ ಮಾಡಿಕೊಟ್ಟ.

ಘೋಡಬಂದರ್ ರಸ್ತೆಯ ಕಟ್ಟಡ ತಲುಪಿದಾಗ ಒಂದೂವರೆ. ಅತ್ತೆ ರಿಕ್ಷಾದಲ್ಲಿ ಸಮಯಕ್ಕೆ ಸರಿಯಾಗಿ ಬಂದು ಬಳೆ ತೊಡಿಸಿಯೂ ಆಗಿತ್ತು. ಮೇಲೆ ಊಟದ ಪಂಕ್ತಿ. ಎಂಜಿನ್ ಆಫ್ ಮಾಡಲು ಮಾತ್ರ ನನ್ನ ಕೈ ಏಳಲಿಲ್ಲ. ಕೆಳಗೆ ಪಾರ್ಕಿಂಗಿನಲ್ಲಿ, ಗುರುಗುಟ್ಟುವ ಕಾರಿನಲ್ಲೇ ಕುಳಿತೆ. ವಾರಿಜಾ ಒಂದು ತಟ್ಟೆ ಊಟ ತಂದು ಕಿಟಕಿಯಿಂದ ಒಳಗೆ ತುರುಕಿ ಹೋದಳು.

ಊಟ ಮುಗಿಸಿ ಬೀಗರ ಕಡೆಯ ಹಿರಿಯರೊಬ್ಬರು ಅತ್ತೆಯೊಂದಿಗೆ ಇಳಿದು ಬಂದರು. ನನ್ನನ್ನು ನೋಡಿ ಮೆಚ್ಚುಗೆಯಿಂದ ಹೇಳಿದರು: “ಒಳ್ಳೆ ಡ್ರೈವರ್ ಸಿಕ್ಕಿದ್ದಾನೆ ನಿಮಗೆ. ಗಾಡಿ ಬಿಟ್ಟು ಕದಲುದೇ ಇಲ್ಲ.”

“ಡ್ರೈವರ್ ಅಲ್ಲ, ನಮ್ಮ ಅಳಿಯ,” ಎಂದರು ಅತ್ತೆ. “ಡ್ರೈವರ್ ಆಗಿದ್ರೆ ಹನ್ನೊಂದಕ್ಕೆ ಮುಟ್ಟಿಸ್ತಿದ್ದ.”

ನಾನು ಎಕ್ಸಿಲರೇಟರ್ ಒತ್ತಿ, ಎಂಜಿನ್ನಿನ ಸದ್ದಿನಲ್ಲಿ ಏನೂ ಕೇಳಿಸದವನಂತೆ ಪಾಯಸ ಕುಡಿದೆ.