ಆಮ್ಲಕ್ಕೆ ಹೆಣ್ಣು ನೋಡಿದ್ದು

ಆಮ್ಲಕ್ಕೂ ಕ್ಷಾರಕ್ಕೂ ಮದುವೆ ಮಾಡಿಸುವುದು ನನ್ನಂಥ ರಸಾಯನಶಾಸ್ತ್ರದ ಮೇಷ್ಟ್ರಿಗೆ ಎಡಗೈ ಕೆಲಸ ಎಂದು ನಂಬಿದ್ದೆ. ಹುಣಸೆಹಣ್ಣಿಗೆ ಹುಳಿ ಕೊಡುವ ಟಾರ್ಟಾರಿಕ್ ಆಮ್ಲ ಗಂಡು, ಇಮಿಡಜೋಲ್ ಎಂಬ ಕ್ಷಾರ ಹೆಣ್ಣು. ಎರಡನ್ನೂ ನೀರಲ್ಲಿ ಕರಗಿಸಿಟ್ಟರೆ ಆಮ್ಲ ತನ್ನ ಹೈಡ್ರೋಜನ್ ಚಾಚುತ್ತದೆ, ಕ್ಷಾರ ಹಿಡಿದುಕೊಳ್ಳುತ್ತದೆ. ಹೀಗೆ ಸಾಲುಸಾಲಾಗಿ ಕೈ ಹಿಡಿದು ನಿಂತರೆ ಅದೇ ಹರಳು. ಅಂಥದ್ದೊಂದು ಸಿಕ್ಕಿದರೆ ನನ್ನ ಪಿಎಚ್‌ಡಿ ಮುಗಿದಂತೆ. ಸಿಗದಿದ್ದರೆ ಬೇರೆ ಗೈಡ್ ಹುಡುಕಿಕೊಳ್ಳಿ ಎಂದು ಗೈಡ್ ಸಾಹೇಬರು ನಯವಾಗಿ ಹೇಳಿಯಾಗಿತ್ತು.

ಹರಳಿಗೆ ಅಲುಗಾಟ ಆಗದು. ನಮ್ಮ ಕಾಲೇಜಿನ ಲ್ಯಾಬೋ ಅರಸೀಕೆರೆಯ ರೈಲು ಹಳಿಯ ಪಕ್ಕದಲ್ಲಿ. ಗೂಡ್ಸ್ ಗಾಡಿ ಬಂದರೆ ಬೀಕರುಗಳೇ ತಾಳ ಹಾಕುತ್ತವೆ. ಹಾಗಾಗಿ ಎರಡನ್ನೂ ಕರಗಿಸಿದ ಬೀಕರನ್ನು ಮನೆಯ ಸ್ಟೋರ್ ರೂಮಿನ ಕಪಾಟಿನಲ್ಲಿಟ್ಟು, ಮಿಕ್ಸಿಯನ್ನು ನಿಷೇಧಿಸಿ ಆಜ್ಞೆ ಹೊರಡಿಸಿದೆ.

"ಚಟ್ನಿ ಹೇಗ್ರೀ ಮಾಡ್ಲಿ?" ಎಂದಳು ಹೆಂಡತಿ ಪ್ರೇಮ.

"ಸ್ವಲ್ಪ ದಿನ ಚಟ್ನಿಪುಡಿ ತಿನ್ನೋಣ ಕಣೇ. ವಿಜ್ಞಾನಕ್ಕೋಸ್ಕರ."

ಅಷ್ಟರಲ್ಲಿ ಕಣಕಟ್ಟೆಯಿಂದ ತೆಂಗಿನಕಾಯಿ ಮೂಟೆ ಸಮೇತ ಅತ್ತೆ ಬಂದರು. ಕಪಾಟಿನ ಮುಂದೆ ಕಾವಲು ಕೂತಿದ್ದ ನನ್ನನ್ನು ನೋಡಿ, "ಅದ್ರಲ್ಲಿ ಏನೈತೆ ಅಳಿಯಂದ್ರೆ?" ಎಂದರು.

"ಹರಳು ಬರುತ್ತೆ ಅತ್ತೆ."

"ನೀರೇ ಬತ್ತೋಗೈತಲ್ಲ!"

ನೋಡಿದರೆ ತಳದಲ್ಲಿ ಬರೀ ಅಂಟು. ಮತ್ತೆ ಕರಗಿಸಲು ತಕ್ಷಣ ನೀರು ಬೇಕಿತ್ತು. ಡಿಸ್ಟಿಲ್ಡ್ ವಾಟರ್ ಲ್ಯಾಬಿನಲ್ಲಿತ್ತು, ಅವತ್ತು ಭಾನುವಾರ. ನೀರು ನೀರೇ ತಾನೆ ಎಂದುಕೊಂಡು ಅಡುಗೆಮನೆ ನಲ್ಲಿಯಿಂದ ಒಂದು ಲೋಟ ಹಿಡಿದು ಸುರಿದೆ.

ಎರಡೇ ದಿನ. ಹರಳು ಬಂತು! ಮಿರಮಿರ ಮಿಂಚುವ ಹರಳು. ಅತ್ತೆ ಬೀಕರಿಗೆ ದೃಷ್ಟಿ ತೆಗೆದರು. ಪ್ರೇಮ ಅಕ್ಕಪಕ್ಕದ ಮನೆಗೆಲ್ಲ ಕೊಬ್ಬರಿ ಮಿಠಾಯಿ ಹಂಚಿದಳು. ನಾನು ಬೇಲೂರಿನ ಭಾವಮೈದುನನಿಗೆ ಫೋನ್ ಮಾಡಿ, ಇನ್ನು ಮೇಲೆ ಡಾಕ್ಟರ್ ಅಂತಲೇ ಕರೆಯಬೇಕು ಎಂದು ತಾಕೀತು ಮಾಡಿದೆ. ಆಮೇಲೆ ಹರಳನ್ನು ಹತ್ತಿಯಲ್ಲಿ ಸುತ್ತಿ, ಬಸ್ಸಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಗೈಡ್‌ಗೆ ತಲುಪಿಸಿ ಬಂದೆ.

ವಾರ ಕಳೆದು ಅವರ ಫೋನ್ ಬಂತು.

"ಏನ್ರೀ, ಇದರಲ್ಲಿ ಇಮಿಡಜೋಲ್ ಇಲ್ಲವೇ ಇಲ್ಲ. ಇದು ಕ್ಯಾಲ್ಸಿಯಂ ಟಾರ್ಟರೇಟ್. ಯಾವ ನೀರು ಹಾಕಿದ್ರಿ?"

ನಮ್ಮ ಬೋರ್‌ವೆಲ್ ನೀರಿನಲ್ಲಿ ಸುಣ್ಣ, ಅಂದರೆ ಕ್ಯಾಲ್ಸಿಯಂ, ಧಾರಾಳ. ನಾನು ನೋಡಿಟ್ಟ ಹೆಣ್ಣನ್ನು ಕೈಬಿಟ್ಟು, ಗಂಡು ನಲ್ಲಿಯಲ್ಲಿ ಬಂದವಳನ್ನು ಕಟ್ಟಿಕೊಂಡಿದ್ದ.

"ಬೋರ್‌ವೆಲ್ ನೀರು ಸರ್."

ಆ ಕಡೆ ನಗು. "ಇನ್ನೊಂದೇ ಸಲ ಪ್ರಯತ್ನಿಸಿ. ಅಲ್ರೀ, ಗಡಸು ನೀರಿನ ವಿಷಯ ನಿಮ್ಮ ವಿದ್ಯಾರ್ಥಿಗಳಿಗೂ ಗೊತ್ತಿರುತ್ತಲ್ಲ?"

ಗೊತ್ತಿರಲೇಬೇಕು. ವರ್ಷವರ್ಷವೂ ಅವರಿಗೆ ಆ ಪಾಠ ಮಾಡುವವನು ನಾನೇ.