ಕಡಲಿಗೂ ಒಂದು ಫಿಟ್ಟಿಂಗು

"ಭಾನುವಾರ ನಾನು ಸಮುದ್ರದ ಮೇಲೆ ನಿಲ್ತೀನಿ, ನೋಡ್ತಿರು! ಅಲೆಗಳೇ ಬಗ್ಗಿ ನಮಸ್ಕಾರ ಮಾಡ್ಬೇಕು!"

ಟೈಲರ್ ಸಾಹೇಬರು ಹೀಗೆ ಘೋಷಿಸಿದಾಗ ಅವರ ಮಡದಿ ಅಂಗಡಿಯ ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದರು. ಬಾಯಲ್ಲಿ ದಾರ ಕಚ್ಚಿದ್ದರಿಂದ ಉತ್ತರ ಬರಲಿಲ್ಲ. ಸಾಹೇಬರು ಅದನ್ನೇ ಒಪ್ಪಿಗೆ ಎಂದುಕೊಂಡರು.

ಮಡದಿಯ ತಮ್ಮ ಕಡಲ ದಂಡೆಯಲ್ಲಿ ಪ್ಯಾಡಲ್‌ಬೋರ್ಡ್ ಬಾಡಿಗೆಗೆ ಕೊಡುತ್ತಾನೆ. ನಿಂತುಕೊಂಡೇ ಹುಟ್ಟು ಹಾಕುತ್ತಾ ಸಾಗುವ ಉದ್ದನೆಯ ಹಲಗೆ ಅದು. ಅಕ್ಕ, ಭಾವ ಬರುತ್ತಾರೆಂದು ಎರಡು ಲೈಫ್ ಜಾಕೆಟ್‌ಗಳನ್ನು ಮೊದಲೇ ತಂದುಕೊಟ್ಟು, "ಅಳತೆ ಸರಿಯಿದೆಯಾ ನೋಡ್ಕೊಳ್ಳಿ ಭಾವ" ಎಂದಿದ್ದ.

ಅಳತೆ! ಟೈಲರ್ ಮುಂದೆ ಆಡುವ ಮಾತೇ ಅದು? ಸಾಹೇಬರು ಜಾಕೆಟ್ ತೊಟ್ಟು ಕನ್ನಡಿ ನೋಡಿದರೆ ಅಲ್ಲೊಂದು ಹತ್ತಿ ಮೂಟೆ ನಿಂತಿತ್ತು! ಮಡದಿ ಊಟಕ್ಕೆ ಹೋದದ್ದೇ ತಡ, ಎರಡೂ ಜಾಕೆಟ್‌ಗಳ ಹೊಟ್ಟೆ ಬಿಚ್ಚಿದರು. ಫೋಮ್ ಕಿತ್ತು, ಕಾಲರಿಗೆ ಹಾಕುವ ಕ್ಯಾನ್ವಾಸ್ ತುರುಕಿ, ಸೊಂಟ ಹಿಡಿದು ಹೊಲಿದರು. ಮದುವೆ ಸೂಟಿಗೂ ಅಂಥ ಫಿಟ್ಟಿಂಗ್ ಬಂದಿರಲಿಲ್ಲ.

ಭಾನುವಾರ ಭಾಮೈದ ಭಾವನ ಕಾಲಿಗೆ ಹಲಗೆಯ ಹಗ್ಗ ಬಿಗಿದ. "ಗಾಳಿ ನೆಲದಿಂದ ಕಡಲ ಕಡೆ ಬೀಸ್ತಿದೆ ಭಾವ, ದೂರ ಹೋಗ್ಬೇಡಿ. ಬಿದ್ರೆ ಹಲಗೆ ಬಿಡ್ಬೇಡಿ."

"ಬೀಳೋರಿಗೆ ಹೇಳಪ್ಪಾ ಅದನ್ನ!"

ಹೊರಟರು, ನಿಂತರು, ದಂಡೆಯ ಕಡೆ ತಿರುಗಿ ಎದೆಯುಬ್ಬಿಸಿದರು. ಉಬ್ಬಿದ ಎದೆಗೆ ಗಾಳಿ ಬಡಿದು ಹಲಗೆ ಸರ್ರನೆ ಕಡಲೊಳಗೆ ಜಾರಿತು. ದಂಡೆ ಚಿಕ್ಕದಾಯಿತು. ಸಾಹೇಬರು ದೊಪ್ಪನೆ ಬಿದ್ದರು. ತೇಲಿಸಬೇಕಾದ ಜಾಕೆಟ್ ನೀರು ಕುಡಿದು ಕೆಳಗೆಳೆಯಿತು! ಕಾಲಿನ ಹಗ್ಗ ಹಿಡಿದು, ಹೇಗೋ ಹಲಗೆ ಹತ್ತಿ, ಹೊಟ್ಟೆಯ ಮೇಲೆ ಮಲಗಿ, ಅದನ್ನು ಅಪ್ಪಿಕೊಂಡರು.

ತಲೆಯೆತ್ತಿದರೆ ಭಾಮೈದ ಹುಟ್ಟು ಹಾಕುತ್ತಾ ಬರುತ್ತಿದ್ದ. ಅವನ ಹಿಂದೆ, ಗಂಡನನ್ನು ಉಳಿಸಲೆಂದು ಇನ್ನೊಂದು ಹಲಗೆ ಎಳೆದುಕೊಂಡು ಮೊಣಕಾಲುದ್ದ ನೀರಿಗಿಳಿದಿದ್ದರು ಮಡದಿ. ಮೈಮೇಲೆ ಆ ಎರಡನೇ ಜಾಕೆಟ್!

ಸಾಹೇಬರ ಜೀವ ಬಾಯಿಗೆ ಬಂತು. ತಾವು ಮುಳುಗುವಾಗಲೂ ಅಷ್ಟು ಹೆದರಿರಲಿಲ್ಲ. ಬರಬೇಡವೆಂದು ಕೈ ಬೀಸಿದರು. ಕರೆಯುತ್ತಿದ್ದಾರೆಂದು ಆಕೆ ಇನ್ನೂ ಬಿರುಸಾಗಿ ನುಗ್ಗಿದರು. ಸರಿ, ಮಾನ ಹೋದರೆ ಹೋಗಲಿ! ದಂಡೆಯ ಜನರೆಲ್ಲ ಕೇಳುವಂತೆ ಗಂಟಲು ಹರಿದುಕೊಂಡರು.

"ಬರ್ಬೇಡ ಕಣೇ! ಜಾಕೆಟ್ ಒಳಗೆ ಏನೂ ಇಲ್ಲ! ಫೋಮ್ ನಾನೇ ಕಿತ್ತುಹಾಕಿದ್ದೀನಿ!"

ಭಾಮೈದ ಗಕ್ಕನೆ ಹಿಂದೆ ತಿರುಗಿದ. "ಅಕ್ಕಾ, ಅಲ್ಲೇ ನಿಲ್ಲು!"

ಆಕೆ ನಿಂತರು. ಅವನು ಭಾವನ ಹಲಗೆಯನ್ನು ತನ್ನದಕ್ಕೆ ಕಟ್ಟಿ ದಂಡೆಗೆ ಎಳೆದು ತಂದ. ಮಡದಿ ಗಂಡನನ್ನು ತಬ್ಬಿಕೊಂಡು ಅತ್ತರು, ಬೆನ್ನಿಗೆರಡು ಗುದ್ದಿದರು, ಮತ್ತೆ ಅತ್ತರು. ಸಾಹೇಬರ ಕಣ್ಣೂ ಒದ್ದೆಯಾಗಿತ್ತು.

"ಯಾಕ್ರೀ ಹೀಗೆ ಮಾಡಿದ್ರಿ?"

"ಹೊಟ್ಟೆ ಕಾಣ್ತಿತ್ತು ಕಣೇ."

"ಸರಿ, ನಿಮ್ಮದು ಹೊಟ್ಟೆ." ಆಕೆ ಸೆರಗಿನಿಂದ ಮೂಗೊರೆಸಿಕೊಂಡು, ತಮ್ಮ ಜಾಕೆಟ್ಟಿನ ಸೊಂಟ ಮುಟ್ಟಿ ನೋಡಿಕೊಂಡರು. "ನನ್ನದನ್ನ ಯಾಕ್ರೀ ಸಣ್ಣ ಮಾಡಿದ್ರಿ? ನಾನು ದಪ್ಪ ಕಾಣ್ತೀನಾ?"

ಸಾಹೇಬರು ಮೆಲ್ಲಗೆ ಭಾಮೈದನ ತೋಳು ಹಿಡಿದರು.

"ಏನಪ್ಪಾ, ಒಳ್ಳೇ ಜಾಕೆಟ್ ಒಂದಿದ್ರೆ ಬೇಗ ಕೊಡು. ನಾನು ನಿಜವಾಗಿ ಮುಳುಗ್ತಿರೋದು ಈಗ!"