ಕೆಳದವಡೆಯ ಒಪ್ಪಿಗೆ ಪತ್ರ

ಸೆಟ್ಟಣ್ಣನ ಅದೃಷ್ಟ ಬಾಗಿಲು ತಟ್ಟಿದಾಗ ಅವನ ಬಾಯಿ ತುಂಬ ಟೂತ್‌ಪೇಸ್ಟಿನ ನೊರೆ ಇತ್ತು. ಫೋನಿನಲ್ಲಿ ವೀಸಾ ಏಜೆಂಟ್. ನೊರೆ ಉಗಿಯಲೋ, ಹಲೋ ಎನ್ನಲೋ ಎಂದು ತಿಳಿಯದೆ ಸೆಟ್ಟಣ್ಣ ಅದನ್ನು ನುಂಗಿಬಿಟ್ಟ.

ಅವನ ನಿಜವಾದ ಹೆಸರು ಬೀದಿಯವರಿಗೆ ಮರೆತೇಹೋಗಿತ್ತು. ಹಲ್ಲಿನ ಸೆಟ್ ಕಟ್ಟುವವನೆಂದು ಯಾರೋ ಒಬ್ಬರು ಸೆಟ್ಟಣ್ಣ ಎಂದು ಕರೆದರು, ಅದೇ ಅಂಟಿಕೊಂಡಿತು. ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆದರೂ ಹದಿನೈದು ವರ್ಷಗಳಲ್ಲಿ ಅವನು ಕಟ್ಟಿದ ಒಂದೇ ಒಂದು ಹಲ್ಲು ನೆಟ್ಟಗೆ ಗಿರಾಕಿಯ ಬಾಯಿಗೆ ಹೋಗಿರಲಿಲ್ಲ. ನಡುವೆ ಭಾವ ಇದ್ದರು.

ಭಾವ ಎಂದರೆ ಅಕ್ಕನ ಗಂಡ, ಅವನು ಕೆಲಸ ಮಾಡುವ ಹಲ್ಲಿನ ಲ್ಯಾಬಿನ ಮೇಲ್ವಿಚಾರಕರು, ಸಾಲದ್ದಕ್ಕೆ ಅವನ ಮನೆಯ ಮೇಲಿನ ಮಹಡಿಯಲ್ಲೇ ವಾಸ. ಸೆಟ್ಟಣ್ಣ ಮೂರು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮುಗಿಸಿದ ಸೆಟ್ಟನ್ನು ಅವರು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, “ಸ್ವಲ್ಪ ಎತ್ತರ ಆಯ್ತು” ಎಂದು ಅರ ತೆಗೆದು ಒಂದೇ ಒಂದು ಸಲ ಉಜ್ಜುತ್ತಿದ್ದರು. ಅಷ್ಟಕ್ಕೆ ಆ ಸೆಟ್ಟು ಭಾವನದಾಗುತ್ತಿತ್ತು. ಗಿರಾಕಿ ನಗುನಗುತ್ತ ಭಾವನ ಕೈ ಕುಲುಕಿ ಹೋಗುತ್ತಿದ್ದ.

ಸೆಟ್ಟಣ್ಣ ಪರದೇಶಕ್ಕೆ ಹೋಗುತ್ತೇನೆಂದು ಹಟ ಹಿಡಿದದ್ದು ಬಂಗಲೆ ಕಟ್ಟುವುದಕ್ಕಲ್ಲ. ಅವನಿಗೆ ಬೇಕಾಗಿದ್ದದ್ದು ತಾನೊಬ್ಬನೇ ಕೂರುವ ಒಂದು ಮೇಜು, ಯಾರೂ ಒಂದು ಕಣ್ಣು ಮುಚ್ಚಿ ನೋಡದ ಒಂದು ಹಲ್ಲು. ಆದರೆ ಆ ದೇಶದವರು ವರ್ಷಕ್ಕೆ ಇಂತಿಷ್ಟೇ ಜನ ಎಂದು ಕೋಟಾ ಇಟ್ಟು, ಕಂಪ್ಯೂಟರಿನಲ್ಲಿ ಚೀಟಿ ಎತ್ತುತ್ತಿದ್ದರು. ಕಳೆದ ಮೂರು ವರ್ಷವೂ ಸೆಟ್ಟಣ್ಣನ ಚೀಟಿ ಏಳಲಿಲ್ಲ.

“ಸೆಟ್ಟಣ್ಣಾ, ಆರು ವರ್ಷದ ಹಿಂದೆ ನಿಮಗೊಂದು ಕೆಲಸದ ವೀಸಾದ ಒಪ್ಪಿಗೆ ಪತ್ರ ಬಂದಿತ್ತಲ್ವಾ?” ಎಂದ ಏಜೆಂಟ್.

“ಬಂದಿತ್ತು. ಆಗ ಕೋಟಾನೇ ತುಂಬ್ತಿರಲಿಲ್ಲ, ಕೇಳಿದವರಿಗೆಲ್ಲ ಕೊಡ್ತಿದ್ರು. ಅಷ್ಟರಲ್ಲಿ ನಮ್ಮಪ್ಪ ಕಾಲು ಮುರ್ಕೊಂಡ್ರು, ಮನೇಲಿ ಯಾರೂ ಎಲ್ಲಿಗೂ ಹೋಗೋ ಹಾಗಿರಲಿಲ್ಲ.”

“ಆ ಕಾಗದ ಇನ್ನೂ ಬದುಕಿದೆ ಕಣ್ರೀ! ಒಂದು ಸಲ ಕೋಟಾದಲ್ಲಿ ಎಣಿಸಿದವರನ್ನ ಮತ್ತೆ ಎಣಿಸಲ್ಲ. ಬಳಸದೇ ಉಳಿದಿದ್ರೆ ಅದೇ ಒಪ್ಪಿಗೆ ಮೇಲೆ ಈಗಲೂ ಹೋಗಬಹುದು. ಚೀಟಿ ಗೀಟಿ ಏನೂ ಬೇಡ. ಆಗ ನಿಮ್ಮನ್ನ ಕರೆದಿದ್ದ ಹಲ್ಲಿನ ಕಂಪನಿನೂ ಇನ್ನೂ ಕೆಲಸದವರನ್ನ ಹುಡುಕ್ತಾ ಇದೆ.”

ಸೆಟ್ಟಣ್ಣ ಒದ್ದೆ ಟೂತ್‌ಬ್ರಷ್ಷನ್ನೇ ಜೇಬಿಗೆ ಹಾಕಿಕೊಂಡ.

“ಆದ್ರೆ ಆರು ವರ್ಷದ ಗಡುವು ಇವತ್ತು ಸಂಜೆ ಐದಕ್ಕೆ ಮುಗಿಯುತ್ತೆ. ಮೂಲ ಕಾಗದವೇ ಬೇಕು, ಜೆರಾಕ್ಸ್ ನಡೆಯಲ್ಲ.”

ಗುಟ್ಟು ಇಟ್ಟುಕೊಳ್ಳಬೇಕಾದ ಹೊತ್ತು. ಆದರೆ ಸಂತೋಷವಾದರೆ ಸೆಟ್ಟಣ್ಣನ ಗಂಟಲು ಅವನ ಮಾತು ಕೇಳುವುದಿಲ್ಲ. “ಹಳೇ ಒಪ್ಪಿಗೆ ನಡೆಯುತ್ತಂತೆ ಕಣೇ! ಕೋಟಾ ಇಲ್ವಂತೆ!” ಎಂದು ಅವನು ಹೆಂಡತಿಗೆ ಕೂಗಿದ್ದು ಎದುರುಮನೆಗೆ ಕೇಳಿಸಿತು. ಮೇಲಿನ ಮಹಡಿಯಲ್ಲಿ ಅಡ್ಡಾಡುತ್ತಿದ್ದ ಚಪ್ಪಲಿಯ ಸದ್ದು ತಟಕ್ಕನೆ ನಿಂತಿತು.

“ರೀ, ಮೊದಲು ಬಾಯಿ ತೊಳ್ಕೊಳ್ಳಿ” ಎಂದಳು ಹೆಂಡತಿ. “ಆ ಕಾಗದ ಮನೇಲೆಲ್ಲಿದೆ? ಇನ್ನು ಹೋಗೋದೇ ಇಲ್ಲ ಅಂತ ಸಿಟ್ಟಲ್ಲಿ ಲ್ಯಾಬಿಗೆ ತಗೊಂಡ್ಹೋಗಿ ರದ್ದಿಗೆ ಹಾಕಿದ್ರಲ್ಲ!”

ಲ್ಯಾಬಿನ ರದ್ದಿ ಎಂದರೆ ಮಾತು ಮುಗಿದಂತೆ ಎಂದು ಬೇರೆಯವರು ತಿಳಿದಾರು. ಸೆಟ್ಟಣ್ಣನಿಗೆ ಮಾತ್ರ ಹೋದ ಜೀವ ಬಂದಂತಾಯಿತು. ಅಲ್ಲಿ ಯಾವ ಕಾಗದವನ್ನೂ ಎಸೆಯುತ್ತಿರಲಿಲ್ಲ. ಗಿರಾಕಿ ಸೆಟ್ಟು ಮುರಿದುಕೊಂಡು ಯಾವಾಗ ಬೇಕಾದರೂ ಮರಳಿ ಬರಬಹುದೆಂದು, ಪ್ರತಿಯೊಬ್ಬರ ದವಡೆಯ ಪ್ಲಾಸ್ಟರ್ ಅಚ್ಚನ್ನೂ ಕೈಗೆ ಸಿಕ್ಕ ಕಾಗದದಲ್ಲಿ ಸುತ್ತಿ ಕಪಾಟಿನಲ್ಲಿ ಇಡುವುದು ಭಾವನ ಪದ್ಧತಿ. ಅಂದರೆ ಸೆಟ್ಟಣ್ಣನ ಭವಿಷ್ಯ ಯಾರದೋ ದವಡೆಗೆ ಸುತ್ತಿಕೊಂಡು ಕೂತಿತ್ತು.

ಅವನು ಚಪ್ಪಲಿ ಮೆಟ್ಟುವಷ್ಟರಲ್ಲಿ ಎದುರುಮನೆಯ ನಿವೃತ್ತ ಹೆಡ್‌ಕ್ಲರ್ಕ್ ಗೇಟಿನಲ್ಲಿ ಹಾಜರು. “ನಾನೂ ಬರ್ತೀನಿ ನಡೀರಿ. ಕಾಗದ ಹುಡುಕೋದ್ರಲ್ಲಿ ಮೂವತ್ತು ವರ್ಷದ ಅನುಭವ.” ಬೇಡವೆಂದರೆ ಇನ್ನೂ ಬೇಗ ಬರುವ ಮನುಷ್ಯ.

ಲ್ಯಾಬಿಗೆ ಹೋದರೆ ಭಾವ ಆಗಲೇ ಅಂಗಿಯ ತೋಳು ಮಡಚಿಕೊಂಡು ಅಚ್ಚುಗಳನ್ನು ಬಿಚ್ಚುತ್ತಿದ್ದರು! ಹತ್ತೂವರೆಗೆ ಮೊದಲು ಅವರು ಲ್ಯಾಬಿನ ಮುಖ ನೋಡಿದ್ದೇ ಇಲ್ಲ.

“ಬಾರಯ್ಯ, ನಿನ್ನ ಕೂಗು ಕೇಳಿಸ್ತು. ನಿನಗೋಸ್ಕರ ಇಷ್ಟೂ ಮಾಡ್ದಿದ್ರೆ ನಾನೆಂಥ ಭಾವ?”

ಸೆಟ್ಟಣ್ಣನ ಕಣ್ಣು ಒದ್ದೆಯಾಯಿತು. ಇಂಥವರ ಬಗ್ಗೆ ಏನೇನೋ ಅಂದುಕೊಂಡೆನಲ್ಲ ಎಂದು ತನ್ನನ್ನು ತಾನೇ ಬೈದುಕೊಂಡ.

ಮೂವರೂ ಬಿಚ್ಚತೊಡಗಿದರು. ಕರೆಂಟ್ ಬಿಲ್ಲಿನಲ್ಲಿ ಮಲಗಿದ್ದ ಡ್ರೈವರನ ದವಡೆ, ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಸುತ್ತಿದ್ದ ಮೇಷ್ಟರ ದವಡೆ. ಹೆಡ್‌ಕ್ಲರ್ಕ್ ಒಂದನ್ನು ಬಿಚ್ಚಿ, “ಅರೆ, ಇದು ನನ್ನದೇ!” ಎಂದು ಉಬ್ಬಿಹೋದರು. ಆಮೇಲೆ ಅದಕ್ಕೆ ಸುತ್ತಿದ್ದ ಹಳೆಯ ಪೇಪರಿನ ಅರ್ಧ ಸುದ್ದಿ ಓದುತ್ತ ಕೂತವರು ಏಳಲಿಲ್ಲ. ಉಳಿದರ್ಧ ಯಾರ ದವಡೆಯ ಮೇಲಿದೆಯೆಂದು ಹುಡುಕುವ ಹೊಸ ಕೆಲಸ ಹಚ್ಚಿಕೊಂಡರು.

ಹನ್ನೊಂದರ ಹೊತ್ತಿಗೆ ಭಾವ ಕಪಾಟಿನ ಮೂಲೆಯಲ್ಲಿ ಒಂದು ಗಳಿಗೆ ಬೆನ್ನು ತಿರುಗಿಸಿ ನಿಂತರು. ಆಮೇಲೆ ಅಂಗಿಯ ಜೇಬನ್ನು ಮೆಲ್ಲಗೆ ಒತ್ತಿಕೊಂಡು, “ಬ್ಯಾಂಕಲ್ಲೊಂದು ಸಣ್ಣ ಕೆಲಸ ಇತ್ತು ನೋಡು. ನೀನು ಈ ಮೂಲೆ ಕಡೆ ಹುಡುಕು” ಎಂದು ಹೊರಟೇಬಿಟ್ಟರು.

ಸೆಟ್ಟಣ್ಣ ಆ ಮೂಲೆಗೆ ಕೈ ಹಾಕಿದ. ಸಂಗೀತದ ಟೀಚರಮ್ಮನ ಅಚ್ಚು. ಮೇಲ್ದವಡೆ ಕಾಗದವಿಲ್ಲದೆ ಬೋಳಾಗಿ ಕೂತಿತ್ತು. ಯಾಕೆಂದು ಯೋಚಿಸುವಷ್ಟು ಬುದ್ಧಿ ಆ ಹೊತ್ತಿನಲ್ಲಿ ಯಾರಿಗಿರುತ್ತದೆ? ಕೆಳದವಡೆಯ ಕಾಗದ ಬಿಚ್ಚಿದ. ಆ ದೇಶದ ಲಾಂಛನ, ಅದರ ಕೆಳಗೆ ತನ್ನದೇ ಹೆಸರು, ಅದರ ಕೆಳಗೆ ‘ಒಪ್ಪಿಗೆ ನೀಡಲಾಗಿದೆ’! ಅಚ್ಚಿಗೆ ಮೆತ್ತಿದ್ದ ಕೆಂಪು ಮೇಣ ಬೇಸಿಗೆಗೆ ಕರಗಿ, ಕಾಗದದ ನಡುವೆ ಟೀಚರಮ್ಮನ ಅಷ್ಟೂ ಹಲ್ಲುಗಳ ಸಾಲು ಕಮಾನಿನಂತೆ ಮೂಡಿತ್ತು. ಅಷ್ಟು ಬಿಟ್ಟರೆ ಕಾಗದ ಹೊಚ್ಚಹೊಸದು. ಸೆಟ್ಟಣ್ಣ ಕೆಳದವಡೆಯನ್ನು ಎತ್ತಿ ಮುದ್ದಿಟ್ಟ.

“ಇಂಥ ಕಾಗದಕ್ಕೆ ಭದ್ರತೆ ಬೇಕು, ಇಲ್ಲಿ ಕೊಡಿ” ಎಂದು ಹೆಡ್‌ಕ್ಲರ್ಕ್ ಅದನ್ನು ಕಸಿದುಕೊಂಡು ಪಕ್ಕದ ಜೆರಾಕ್ಸ್ ಅಂಗಡಿಗೆ ನುಗ್ಗಿದ್ದು, ಸೆಟ್ಟಣ್ಣ ಮುದ್ದು ಮುಗಿಸುವುದರೊಳಗೆ ನಡೆದುಹೋಯಿತು. ಅವನು ಓಡಿಹೋಗಿ ನೋಡಿದರೆ ಲ್ಯಾಮಿನೇಷನ್ ಯಂತ್ರ ಕಾಗದವನ್ನು ಕೆಳಗಡೆಯಿಂದ ನಿಧಾನವಾಗಿ ನುಂಗುತ್ತಿತ್ತು.

“ಅಯ್ಯೋ! ಅದರ ಮೇಲೆ ಮುದ್ರೆ ಒತ್ತಬೇಕು ಕಣ್ರೀ!” ಎಂದು ಸೆಟ್ಟಣ್ಣ ಪ್ಲಗ್ಗನ್ನೇ ಕಿತ್ತ. ಅಂಗಡಿಯವನು ಯಂತ್ರದ ಹೊಟ್ಟೆ ಬಿಚ್ಚಿ ಕಾಗದವನ್ನು ಬಿಡಿಸುವಷ್ಟರಲ್ಲಿ ಮೂರು ಗಂಟೆ. ಕೆಳಗಿನ ಅರ್ಧ ಕನ್ನಡಿಯಂತೆ ಹೊಳೆಯುತ್ತಿತ್ತು, ಮೇಲಿನ ಅರ್ಧ ಬಚಾವಾಗಿತ್ತು.

“ಅರ್ಧವಾದ್ರೂ ಭದ್ರ ಆಯ್ತಲ್ಲ” ಎಂದರು ಹೆಡ್‌ಕ್ಲರ್ಕ್.

ವೀಸಾ ಕಚೇರಿಯಲ್ಲಿ ಸೆಟ್ಟಣ್ಣನ ಟೋಕನ್ ಬಂದಾಗ ಐದಕ್ಕೆ ಹನ್ನೆರಡೇ ನಿಮಿಷ. ಕನ್ನಡಕದ ಅಧಿಕಾರಿಣಿ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು, ಕಂಪ್ಯೂಟರಿನಲ್ಲಿ ನಂಬರು ಕುಟ್ಟಿದರು.

“ಇದನ್ನ ಬಳಸೇ ಇಲ್ವಾ?”

“ದವಡೆ ಸುತ್ತೋಕೆ ಬಿಟ್ರೆ ಬೇರೆ ಯಾವುದಕ್ಕೂ ಇಲ್ಲ ಮೇಡಂ.”

“ಹಾಗಾದ್ರೆ ನಿಮ್ಮನ್ನ ಆಗಲೇ ಎಣಿಸಿ ಆಗಿದೆ. ಮತ್ತೆ ಎಣಿಸೋ ಹಾಗಿಲ್ಲ. ಕೋಟಾ ನಿಮಗೆ ಲೆಕ್ಕಕ್ಕಿಲ್ಲ.” ಅವರು ಲ್ಯಾಮಿನೇಷನ್ ಆಗದ ಜಾಗ ಹುಡುಕಿ, ಮೇಲ್ಗಡೆ ಧಡ್ ಎಂದು ಮುದ್ರೆ ಒತ್ತಿದರು.

ಸೆಟ್ಟಣ್ಣ ಎರಡೂ ಕೈ ಮೇಲೆತ್ತಿ, “ನನ್ನನ್ನ ಎಣಿಸಲ್ವಂತೆ!” ಎಂದು ಕೂಗಿದ. ಸಾಲಿನಲ್ಲಿದ್ದವರಿಗೆ ಅರ್ಥವಾಗದಿದ್ದರೂ ಚಪ್ಪಾಳೆ ತಟ್ಟಿದರು. ಹೆಡ್‌ಕ್ಲರ್ಕ್ ಎದ್ದುನಿಂತು ಎಲ್ಲರಿಗೂ ನಮಸ್ಕಾರ ಮಾಡಿದರು. ಹದಿನೈದು ವರ್ಷಗಳಲ್ಲಿ ಮೊದಲ ಸಲ ಸೆಟ್ಟಣ್ಣ ಮುಗಿಸಿದ ಒಂದು ಕೆಲಸ ಯಾರ ಅರವೂ ತಾಗದೆ ಪಾಸಾಗಿತ್ತು. ಆ ಮೇಜು, ಆ ಒಂದೇ ಕುರ್ಚಿ ಅವನ ಕಣ್ಣಮುಂದೆ ಬಂದು ನಿಂತಿತು.

“ಒಂದ್ನಿಮಿಷ, ಈ ಕೆಂಪು ಗುರುತು ಏನು?” ಎಂದರು ಅಧಿಕಾರಿಣಿ.

“ಹಲ್ಲಿನ ಗುರುತು ಮೇಡಂ. ಕೆಳದವಡೆ.”

“ಓ, ಹಾಗೋ ವಿಷಯ!” ಅವರು ಟ್ರೇಯಿಂದ ಇನ್ನೊಂದು ಕಾಗದ ತೆಗೆದು ಸೆಟ್ಟಣ್ಣನದರ ಮೇಲುಗಡೆಗೆ ಜೋಡಿಸಿದರು. “ಹಾಗಾದ್ರೆ ಮೇಲ್ದವಡೆ ಮಧ್ಯಾಹ್ನವೇ ಬಂದಿದೆ.”

ಹಲ್ಲಿಗೆ ಹಲ್ಲು ಕೂತಿತು. ಟೀಚರಮ್ಮನ ಬಾಯಿ ಕೌಂಟರಿನ ಮೇಲೆ ಪೂರ್ತಿಯಾಗಿ ನಕ್ಕಿತು. ಮೇಲಿನ ಕಾಗದದಲ್ಲಿ ಅದೇ ಲಾಂಛನ, ಅದೇ ಕಂಪನಿ, ಭಾವನ ಹೆಸರು. ಹುದ್ದೆ: ಮೇಲ್ವಿಚಾರಕ.

“ಆಯ್ತೇನಯ್ಯ ನಿಂದೂ?” ಕಂಬದ ಮರೆಯ ಬೆಂಚಿನಿಂದ ಭಾವ ಎದ್ದು ಬಂದರು. “ಹನ್ನೆರಡರಿಂದ ಕಾಯ್ತಾ ಇದ್ದೀನಿ, ಕಾಗದ ವಾಪಸ್ ಕೊಡೋದು ಐದಕ್ಕಂತೆ.”

“ಭಾವ... ಬ್ಯಾಂಕು ಅಂದ್ರಲ್ಲ?”

“ಮೊದಲೇ ಹೇಳಿದ್ರೆ ನೀನು ಬರ್ತಿದ್ಯಾ? ನಿನ್ನೊಬ್ಬನ್ನೇ ಅಷ್ಟು ದೂರ ಕಳಿಸಿದ್ರೆ ನಿಮ್ಮಕ್ಕ ಊಟ ಬಿಡ್ತಾಳೆ. ಆರು ವರ್ಷದ ಹಿಂದೆ ನಾನೂ ಸುಮ್ನೆ ಒಂದು ಅರ್ಜಿ ಹಾಕಿದ್ದೆ, ಬಂದ ಒಪ್ಪಿಗೆನ ನಾನೂ ರದ್ದಿಗೆ ಹಾಕಿದ್ದೆ, ನಿನ್ನ ಕೂಗು ಕೇಳಿ ನೆನಪಾಯ್ತು. ಕಂಪನಿಗೂ ಫೋನ್ ಮಾಡಿದೆ. ನಿನ್ನನ್ನ ನನ್ನ ಕೈಕೆಳಗೇ ಹಾಕ್ತಾರಂತೆ. ಇಬ್ಬರಿಗೂ ಒಂದೇ ಮೇಜು. ದೊಡ್ಡ ಮೇಜಂತೆ ಕಣಯ್ಯ!”

ಸೆಟ್ಟಣ್ಣನ ಬಾಯಿ ಅಚ್ಚು ತೆಗೆಸಿಕೊಳ್ಳುವವನಂತೆ ತೆರೆದೇ ಇತ್ತು. ಭಾವ ಕೌಂಟರಿನ ಮೇಲಿದ್ದ ಅವನ ಒಪ್ಪಿಗೆ ಪತ್ರವನ್ನು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಮುದ್ರೆಯನ್ನು ನೋಡಿದರು.

“ಸ್ವಲ್ಪ ಎತ್ತರ ಆಯ್ತು” ಎಂದರು.